ಗಂಟೆಗೆ ಹದಿನೆಂಟು ಕಿಲೋಮೀಟರ್

ಮುಂಬೈಯಲ್ಲಿ ಹಡಗು ಹತ್ತುವಾಗ ನನ್ನ ಚೀಲದಲ್ಲಿ ಆರು ಕೆಜಿ ಜೋಳದ ಹಿಟ್ಟು, ಎರಡು ಕೆಜಿ ಬ್ಯಾಡಗಿ ಮೆಣಸಿನಕಾಯಿ, ಅವ್ವ ಕುಟ್ಟಿ ಕೊಟ್ಟ ಶೇಂಗಾ ಚಟ್ನಿ ಮತ್ತು ಗುರೆಳ್ಳು ಚಟ್ನಿ ಇದ್ದವು. ಹಡಗಿನ ಅಡುಗೆಮನೆಯಲ್ಲಿ ಇಟಲಿಯ ಚೀಸ್ ಇತ್ತು, ಫ್ರಾನ್ಸಿನ ಬೆಣ್ಣೆ ಇತ್ತು. ಆದರೂ ಈ ಚೀಲ ಬಿಟ್ಟು ನಾನು ಎಲ್ಲಿಗೂ ಹೋಗುವುದಿಲ್ಲ.

ನಾನು ಅಡುಗೆಯವನು. ಹುಬ್ಬಳ್ಳಿಯ ಹೊಸೂರಿನ ಹತ್ತಿರ ನಮ್ಮದೊಂದು ಸಣ್ಣ ಖಾನಾವಳಿ ಇದೆ. ಈಗಲೂ ಅವ್ವನೇ ನಡೆಸುತ್ತಾಳೆ. ರೊಟ್ಟಿ ಬಡಿಯುವುದನ್ನು ಕಲಿತಿದ್ದು ಅಲ್ಲಿ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ, ಗೋವಾದಲ್ಲಿ ಕೆಲಸ ಮಾಡಿ, ಆಮೇಲೆ ಸಮುದ್ರದ ಕೆಲಸಕ್ಕೆ ಬಂದೆ. ಹೋದ ಫೆಬ್ರವರಿಯಲ್ಲಿ ಹೊರಟ ಆರು ವಾರದ ಪ್ರಯಾಣದ ಬಗ್ಗೆ ಬರೆಯಬೇಕು ಅಂತ ಅವತ್ತಿನಿಂದ ಅಂದುಕೊಳ್ಳುತ್ತಲೇ ಇದ್ದೆ.

ಹಡಗು ಅಂದರೆ ಸಾವಿರಾರು ಮಂದಿ ತುಂಬಿಕೊಂಡು ಹೋಗುವ ದೊಡ್ಡ ಹಡಗಲ್ಲ. ಯಾಟ್, ಅಂದರೆ ಖಾಸಗಿ ವಿಹಾರದ ಹಡಗು. ಉದ್ದ 42 ಮೀಟರ್. ಅತಿಥಿಗಳು ಹೆಚ್ಚೆಂದರೆ ಹನ್ನೆರಡು ಮಂದಿ. ಅದಕ್ಕಿಂತ ಒಬ್ಬರು ಜಾಸ್ತಿಯಾದರೂ ಅದು ಪ್ರಯಾಣಿಕರ ಹಡಗಿನ ಲೆಕ್ಕಕ್ಕೆ ಬಂದು ಕಾಯ್ದೆಗಳೇ ಬೇರೆಯಾಗುತ್ತವೆ. ನಾವು ಕೆಲಸದವರು ಒಂಬತ್ತು ಮಂದಿ. ಅತಿಥಿಗಳು ಒಂದೇ ಮನೆಯವರು, ಎಂಟು ಮಂದಿ. ಅಜ್ಜಿಯಿಂದ ಹಿಡಿದು ಏಳು ವರ್ಷದ ಮೊಮ್ಮಗಳವರೆಗೆ. ಮುಂಬೈಯಿಂದ ಹೊರಟು ನಮ್ಮ ಕರಾವಳಿ, ಕೊಚ್ಚಿ, ಶ್ರೀಲಂಕಾದ ಗಾಲೆ, ಕೊನೆಗೆ ಟ್ರಿಂಕೋಮಲಿ.

ನಮ್ಮ ವೇಗ ಗಂಟೆಗೆ 10 ನಾಟಿಕಲ್ ಮೈಲು. ಅಂದರೆ ಹದಿನೆಂಟೂವರೆ ಕಿಲೋಮೀಟರ್. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್ ಅಲ್ವಾ, ಅಷ್ಟು ದೂರ ಹೋಗುವುದಕ್ಕೆ ನಮಗೆ ಒಂದು ತಾಸಿಗಿಂತ ಜಾಸ್ತಿ ಬೇಕು. ಚಿಗರಿ ಬಸ್ಸು ಅಷ್ಟರಲ್ಲಿ ಧಾರವಾಡ ಮುಟ್ಟಿ ತಿರುಗಿ ಹೊರಟಿರುತ್ತದೆ. ಇದನ್ನು ಫೋನಿನಲ್ಲಿ ಹೇಳಿದಾಗ ಅವ್ವ, "ಅಷ್ಟು ರೊಕ್ಕಾ ಕೊಟ್ಟು ಅಷ್ಟು ಸಾವಕಾಶ ಹೋಗ್ತಾರೇನು ತಮ್ಮಾ?" ಅಂದಳು. ಹೌದು ಅವ್ವಾ, ಸಾವಕಾಶ ಹೋಗುವುದಕ್ಕೇ ಅವರು ರೊಕ್ಕ ಕೊಡುವುದು ಅಂದೆ. ಆಗ ಸುಮ್ನೆ ಹೇಳಿದ ಮಾತು. ಅದರ ಅರ್ಥ ಆಗಿದ್ದು ಶ್ರೀಲಂಕಾದ ಕೆಳಗೆ.

ಮೊದಲು ನಮ್ಮ ಕರಾವಳಿಯ ಮಾತು. ಕಾರವಾರದ ಮುಂದೆ ಹಾದು ಹೋಗಿದ್ದು ಸಂಜೆ. ನೌಕಾನೆಲೆ ಇರುವುದರಿಂದ ದೂರದಿಂದಲೇ ಹೋಗಬೇಕು. ಹಿಂದೆ ಸಹ್ಯಾದ್ರಿ ನೀಲಿಯಾಗಿ, ಸಾಲಾಗಿ ನಿಂತಿತ್ತು. ಹುಟ್ಟಿದಾಗಿನಿಂದ ನಾನು ಆ ಗುಡ್ಡಗಳನ್ನು ಈ ಕಡೆಯಿಂದ ನೋಡಿದವನು. ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲಾದಲ್ಲಿ ಮೀನು ಊಟ ಮಾಡಿ ವಾಪಸ್ ಬರುವುದು, ಅಷ್ಟೇ. ಆ ಗೋಡೆಯ ಆಚೆ ಮೋಡ ತಡೆದು ನಿಲ್ಲುತ್ತದೆ, ಈಚೆ ನಮ್ಮ ಎರೆಹೊಲ ಮಳೆಗಾಗಿ ಕಾಯುತ್ತದೆ. ಸಮುದ್ರದ ಮೇಲೆ ನಿಂತು ನೋಡಿದಾಗ ಅದು ಕಣ್ಣಿಗೆ ಕಾಣಿಸಿತು.

ರಾತ್ರಿ ಕುಮಟಾದ ದೀಪಗಳು ಕಂಡವು. ನಾನು ಪಾತ್ರೆ ತೊಳೆದಿಟ್ಟು ಹಿಂದಿನ ಡೆಕ್ಕಿಗೆ ಬಂದು ನಿಂತೆ. ನಮ್ಮ ಅಜ್ಜನ ಹೊಲ ಗದಗದ ಹತ್ತಿರ. ಅಜ್ಜ ಜವಾರಿ ಹತ್ತಿ ಬೆಳೆಯುತ್ತಿದ್ದ. ಆ ಹತ್ತಿಗೆ ಇಂಗ್ಲಿಷರ ಪೇಟೆಯಲ್ಲಿ ಇದ್ದ ಹೆಸರು ಕುಮಟಾ ಹತ್ತಿ. ಬೆಳೆದಿದ್ದು ಗದಗ, ಹುಬ್ಬಳ್ಳಿ, ಧಾರವಾಡದ ಎರೆಮಣ್ಣಿನಲ್ಲಿ, ಹೆಸರು ಮಾತ್ರ ಬಂದರದ್ದು. ಯಾಕೆಂದರೆ ಅಂಡಿಗೆಗಳು ಎತ್ತಿನ ಬಂಡಿಯ ಮೇಲೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿ, ಅಲ್ಲಿಂದ ಹಾಯಿಹಡಗಿನಲ್ಲಿ ಮುಂಬೈಗೆ ಹೋಗುತ್ತಿದ್ದವು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ನಮ್ಮ ಕಡೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. 1880ರ ದಶಕದಲ್ಲಿ ರೈಲು ಬಂದ ಮೇಲೆ ಬಂಡಿಗಳ ಸಾಲು ನಿಂತುಹೋಯಿತು. ಆ ಎತ್ತುಗಳು ಗದಗದಿಂದ ಕುಮಟಾ ಮುಟ್ಟುವುದಕ್ಕೆ ಎಷ್ಟು ದಿನ ಹಿಡಿಯುತ್ತಿತ್ತೋ! ನಮ್ಮ ಮನೆತನದ ಯಾರಾದರೂ ಆ ದಂಡೆಗೆ ಬಂದು, ಅಂಡಿಗೆ ಇಳಿಸಿ, ಬೆವರು ಒರೆಸಿಕೊಂಡು ಈ ನೀರು ನೋಡಿರಬೇಕು. ಅವರು ನೋಡಿದ ನೀರಿನ ಮೇಲೆ ನಾನು ನಿಂತಿದ್ದೆ. ದೀಪಗಳು ಪೂರ್ತಿ ಹಿಂದೆ ಸರಿಯುವವರೆಗೂ ಒಳಗೆ ಹೋಗಲು ಮನಸ್ಸಾಗಲಿಲ್ಲ.

ಮರುದಿನ ರೊಟ್ಟಿ ಮಾಡಿದೆ. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಅದಕ್ಕೇ ಮೊದಲ ವಾರದಲ್ಲೇ ಮುಗಿಸಬೇಕು. ಯಾಟಿನಲ್ಲಿ ಬೆಂಕಿಯ ಒಲೆ ಇಲ್ಲ, ಎಲ್ಲಾ ಇಂಡಕ್ಷನ್. ಕಬ್ಬಿಣದ ಹಂಚು ನನ್ನದೇ. ಎಸರು ಕುದಿಸಿ ಹಿಟ್ಟಿಗೆ ಹಾಕಿ ನಾದಿದೆ. ಬಡಿಯುವಾಗ ಹಡಗು ಎಡಕ್ಕೆ ವಾಲಿದರೆ ರೊಟ್ಟಿ ತಾನಾಗಿ ಎಡಕ್ಕೆ ತಿರುಗುತ್ತದೆ. ಕೈ ಅದರ ಜೊತೆ ಹೋಗಬೇಕು, ಎದುರು ಹೋದರೆ ಅಂಚು ಒಡೆಯುತ್ತದೆ. ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಒದ್ದೆ ಬಟ್ಟೆಯಿಂದ ಅಂಚು ಒತ್ತುತ್ತಾ ಬಂದರೆ ಬೆಂಕಿ ಇಲ್ಲದಿದ್ದರೂ ಉಬ್ಬುತ್ತದೆ. ಅತಿಥಿಗಳ ಪೈಕಿ ಆ ಅಜ್ಜಿ ಅಡುಗೆಮನೆ ಬಾಗಿಲಿಗೆ ಬಂದು ಪೂರ್ತಿ ನಾಲ್ಕು ರೊಟ್ಟಿ ಆಗುವವರೆಗೆ ನಿಂತು ನೋಡಿದರು. ಆಮೇಲೆ ಎಣ್ಣೆಗಾಯಿ ಪಲ್ಯದ ಜೊತೆ ಒಂದೂವರೆ ರೊಟ್ಟಿ ತಿಂದರು. ಅವರ ಮನೆಯಲ್ಲಿ ಯಾರೂ ಅದುವರೆಗೆ ಜೋಳ ಮುಟ್ಟಿದವರಲ್ಲ.

ನೀರಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಹುಬ್ಬಳ್ಳಿಯಲ್ಲಿ ನಳಕ್ಕೆ ನೀರು ಬರುವ ದಿನ ಮನೆಯ ಎಲ್ಲಾ ಕೊಡ, ಬ್ಯಾರಲ್ ತುಂಬಿಸಿ ಬೆಳೆದವನು ನಾನು. ಯಾಟು ಸಮುದ್ರದ ನೀರನ್ನೇ ಸೋಸಿ ಸಿಹಿನೀರು ಮಾಡಿಕೊಳ್ಳುತ್ತದೆ. ಬೇಕಾದಷ್ಟು ಇದೆ. ಆದರೂ ನನ್ನ ಕೈ ನಳ ಪೂರ್ತಿ ತಿರುಗಿಸುವುದಿಲ್ಲ. ಅಕ್ಕಿ ತೊಳೆದ ನೀರನ್ನು ಡೆಕ್ಕಿನ ಮೇಲಿನ ಕರಿಬೇವಿನ ಕುಂಡಕ್ಕೆ ಹಾಕುತ್ತೇನೆ.

ಕೊಚ್ಚಿಯಲ್ಲಿ ಮೂರು ದಿನ. ಅತಿಥಿಗಳು ಚೀನಾ ಬಲೆ ನೋಡಲು ಹೋದರು. ನಾನು ಸಾಮಾನು ತರಲು ಮಟ್ಟಂಚೇರಿಗೆ ಹೋದೆ. ಶುಂಠಿ, ಮೆಣಸು, ಏಲಕ್ಕಿ ಗೋದಾಮುಗಳ ಓಣಿ ಅದು. ಒಂದು ಅಂಗಡಿಯ ಮುಂದೆ ಮೂಗು ತಾನೇ ನಿಂತಿತು. ಬ್ಯಾಡಗಿ! ಸುಕ್ಕು ಸುಕ್ಕಾದ, ಕಡುಗೆಂಪು, ಬಿಸಿಲಿನ ವಾಸನೆಯ ಬ್ಯಾಡಗಿ. ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣಕ್ಕಾಗಿಯೇ ಕೇರಳದ ಕಾರ್ಖಾನೆಗಳು ಹಾವೇರಿ ಕಡೆಯಿಂದ ಇದನ್ನು ಕೊಂಡು, ಎಣ್ಣೆಯಂಥ ರಸ ತೆಗೆದು ಹೊರದೇಶಕ್ಕೆ ಕಳಿಸುತ್ತವೆ. 2011ರಲ್ಲಿ ಇದಕ್ಕೆ ಜಿಐ, ಅಂದರೆ ಇದು ಇದೇ ಸೀಮೆಯದ್ದು ಅನ್ನುವ ಸರ್ಕಾರಿ ಗುರುತು ಸಿಕ್ಕಿತು. ಅಂಗಡಿಯವರಿಗೆ ನಾನು ಹುಬ್ಬಳ್ಳಿಯವನು ಅಂದಾಗ, ಬ್ಯಾಡಗಿ ಮಾರುಕಟ್ಟೆಗೆ ಎಷ್ಟು ಸಲ ಬಂದಿದ್ದೇನೆ ಅಂತ ಬೆರಳು ಮಡಚಿ ಎಣಿಸಿದರು, ಚಹಾ ತರಿಸಿದರು.

ಅಲ್ಲಿಂದ ಗಾಲೆಗೆ ಒಂದೂವರೆ ದಿನ. ಕನ್ಯಾಕುಮಾರಿ ದಾಟಿದ ಮೇಲೆ ಗಾಳಿ ಎದ್ದಿತು. ಸಾರಿನ ಪಾತ್ರೆ ಜಾರಿ ಎಡಗೈ ಸುಟ್ಟಿತು, ಗುರುತು ಇನ್ನೂ ಇದೆ. ಭಾರತಕ್ಕೂ ಲಂಕೆಗೂ ನಡುವೆ ರಾಮಸೇತುವೆಯ ಹತ್ತಿರ ಸಮುದ್ರದ ಆಳ ತೀರಾ ಕಡಿಮೆ. ದೊಡ್ಡ ಹಡಗು ಅಲ್ಲಿ ದಾಟಲಾರದು. ಹೀಗಾಗಿ ಪೂರ್ವಕ್ಕೆ ಹೋಗುವ ದೊಡ್ಡ ಹಡಗುಗಳೆಲ್ಲ ಲಂಕೆಯನ್ನು ಕೆಳಗಿನಿಂದ ಸುತ್ತಿ ಹೋಗಬೇಕು. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಗಾಲೆಯ ಕೋಟೆ ಪೋರ್ಚುಗೀಸರು ಶುರು ಮಾಡಿ ಡಚ್ಚರು ದೊಡ್ಡದು ಮಾಡಿದ್ದು. ಸಂಜೆ ಅದರ ಗೋಡೆಯ ಮೇಲೆ ಊರಿಗೆ ಊರೇ ಅಡ್ಡಾಡುತ್ತದೆ. ನನಗೆ ಹೆಚ್ಚು ಹಿಡಿಸಿದ್ದು ಅಲ್ಲಿ ಸಿಕ್ಕ ಒಂದು ಕಲ್ಲಿನ ಕತೆ. ಚೀನಾದ ನೌಕಾಧಿಪತಿ ಝೆಂಗ್ ಹೆ 1409ರ ತಾರೀಖು ಹಾಕಿಸಿ ತಂದ ಶಾಸನ ಅದು. ಈಗ ಕೊಲಂಬೊ ಮ್ಯೂಸಿಯಂನಲ್ಲಿದೆ. ಒಂದೇ ಕಲ್ಲಿನ ಮೇಲೆ ಮೂರು ಭಾಷೆ. ಚೀನೀ ಭಾಷೆಯಲ್ಲಿ ಬುದ್ಧನಿಗೆ, ತಮಿಳಿನಲ್ಲಿ ವಿಷ್ಣುವಿಗೆ, ಪರ್ಷಿಯನ್‌ನಲ್ಲಿ ಅಲ್ಲಾಹನಿಗೆ ಕಾಣಿಕೆ ಒಪ್ಪಿಸಿದ ಲೆಕ್ಕ. ಮೂವರಿಗೂ ಚಿನ್ನ, ಬೆಳ್ಳಿ, ರೇಷ್ಮೆ. ದೂರದಿಂದ ಬಂದವರು ಊರಿನ ಎಲ್ಲಾ ದೇವರಿಗೂ ಕೈಮುಗಿದು ವ್ಯಾಪಾರಕ್ಕೆ ಕೂತಿದ್ದಾರೆ. ಎಷ್ಟು ಚಂದ.

ಗಾಲೆಯ ಪೇಟೆಯಲ್ಲಿ ಒಣಗಿಸಿದ ಟ್ಯೂನಾ ಮೀನಿನ ಚೂರು ಸಿಗುತ್ತದೆ, ಕಟ್ಟಿಗೆಯಷ್ಟು ಗಟ್ಟಿ. ಅದನ್ನು ಕುಟ್ಟಿ, ತೆಂಗಿನ ತುರಿ, ಈರುಳ್ಳಿ, ನಿಂಬೆರಸ, ಒಣಮೆಣಸು ಸೇರಿಸಿ ಅರೆದರೆ ಪೊಲ್ ಸಂಬೋಲ. ನಾನು ಬ್ಯಾಡಗಿ ಹಾಕಿ ಅರೆದೆ. ನಮ್ಮ ಒತ್ತು ಶಾವಿಗೆಯಂಥದ್ದೇ ಅವರ ಬೆಳಗಿನ ತಿಂಡಿ. ಅದರ ಜೊತೆ ಬಡಿಸಿದರೆ ಬೇರೇನೂ ಬೇಡ.

ಈಗ ಆ ಬೆಳಗಿನ ಮಾತು. ಗಾಲೆಯಿಂದ ಪೂರ್ವಕ್ಕೆ ಹೊರಟು ಲಂಕೆಯ ದಕ್ಷಿಣದ ತುದಿ ದೊಂದ್ರದ ಹತ್ತಿರ ಇದ್ದೆವು. ಏಳು ಗಂಟೆ ಇನ್ನೂ ಆಗಿರಲಿಲ್ಲ. ಗಾಳಿ ಇಲ್ಲ. ನೀರು ಎಣ್ಣೆ ಸವರಿದ ಹಾಗೆ. ನಾನು ಶಾವಿಗೆ ಒತ್ತುತ್ತಿದ್ದೆ. ಇದ್ದಕ್ಕಿದ್ದಂತೆ ಕಾಲಿನ ಕೆಳಗಿನ ನಡುಕ ನಿಂತಿತು. ಹಡಗಿನಲ್ಲಿ ಇರುವವರಿಗೆ ಎಂಜಿನ್ ಸದ್ದು ಕೇಳಿಸುವುದಿಲ್ಲ, ನಿಂತಾಗ ಕೇಳಿಸುತ್ತದೆ. ಏನೋ ಕೆಟ್ಟಿದೆ ಅಂತ ಕೈ ಒರೆಸಿಕೊಂಡು ಹೊರಗೆ ಓಡಿದೆ. ಎಲ್ಲರೂ ಎಡಗಡೆಯ ಕಂಬಿ ಹಿಡಿದು ನಿಂತಿದ್ದರು. ಯಾರೂ ಮಾತಾಡುತ್ತಿಲ್ಲ. ಒಳಗಿನ ಜನರೇಟರ್ ಮಾತ್ರ ಸಣ್ಣಗೆ ಗುಂಯ್ ಅನ್ನುತ್ತಿತ್ತು.

ಮೊದಲು ಬಂದಿದ್ದು ಸದ್ದು. ಬೈಪಾಸಿನಲ್ಲಿ ಲಾರಿ ಏರ್ ಬ್ರೇಕ್ ಬಿಟ್ಟ ಹಾಗೆ, ಆದರೆ ಅದಕ್ಕಿಂತ ಉದ್ದ, ಅದಕ್ಕಿಂತ ಒದ್ದೆ. ನೀರಿನ ಆವಿ ಎರಡು ಆಳೆತ್ತರಕ್ಕೂ ಮೇಲೆ ಹೋಗಿ, ಬಿಸಿಲಿಗೆ ಹೊಳೆದು, ನಿಧಾನಕ್ಕೆ ಇಳಿಯಿತು. ಅದರ ಕೆಳಗೆ ಬೂದು ಬಣ್ಣದ ಬೆನ್ನು. ಬೆನ್ನು ಬಂತು, ಬಂತು, ಇನ್ನೂ ಬರುತ್ತಲೇ ಇತ್ತು. ಮುಗಿಯಿತು ಅಂದುಕೊಂಡಾಗ ತೀರಾ ಹಿಂದೆ ಒಂದು ಪುಟ್ಟ ರೆಕ್ಕೆ ಕಂಡಿತು. ನೀಲಿ ತಿಮಿಂಗಿಲ. ಹಾಗೇ ಏಳೆಂಟು ಸಲ ಉಸಿರು ಬಿಟ್ಟಿತು. ಕೊನೆಗೆ ಬೆನ್ನು ಬಾಗಿ, ಬಾಲ ಪೂರ್ತಿ ಮೇಲೆ ಎದ್ದು, ನೀರು ಸುರಿಸುತ್ತಾ ಸೀದಾ ಒಳಗೆ ಇಳಿಯಿತು. ಒಂದು ಹನಿ ಸದ್ದಿಲ್ಲ. ನೀರಿನ ಮೇಲೆ ನುಣುಪಾದ ದುಂಡನೆ ಗುರುತು ಮಾತ್ರ ಉಳಿಯಿತು. ಅದರ ಪಕ್ಕದಲ್ಲೇ ಕೆಂಪಗೆ ಏನೋ ತೇಲುತ್ತಿತ್ತು, ಬ್ಯಾಡಗಿ ಅರೆದ ನೀರು ಚೆಲ್ಲಿದ ಹಾಗೆ. ತಿಮಿಂಗಿಲದ ಹೇಲು ಅದು. ಸಿಗಡಿಯಂಥ ಸಣ್ಣ ಜೀವಿ ತಿನ್ನುವುದರಿಂದ ಆ ಬಣ್ಣ.

ಆ ಕೆಂಪಿನಲ್ಲಿ ದೊಡ್ಡ ವಿಷಯ ಇದೆ. ಬೇರೆ ಕಡೆಯ ನೀಲಿ ತಿಮಿಂಗಿಲಗಳು ಹೊಟ್ಟೆಗಾಗಿ ತಣ್ಣನೆ ಸಮುದ್ರಕ್ಕೆ ಸಾವಿರಾರು ಮೈಲು ಹೋಗುತ್ತವೆ. ಶ್ರೀಲಂಕಾದ ಸಂಶೋಧಕಿ ಆಶಾ ಡಿ ವೋಸ್ 2003ರಲ್ಲಿ ಇಲ್ಲಿ ಇದೇ ಕೆಂಪು ನೋಡಿ, ಇವು ಈ ಬಿಸಿ ಸಮುದ್ರದಲ್ಲೇ ಮೇಯುತ್ತಿವೆ ಅಂತ ಗುರುತಿಸಿದರು. ದಂಡೆಯಿಂದ ಸ್ವಲ್ಪ ದೂರದಲ್ಲೇ ಸಮುದ್ರ ಇದ್ದಕ್ಕಿದ್ದಂತೆ ಆಳಕ್ಕೆ ಇಳಿಯುತ್ತದೆ, ಆಹಾರ ಅಲ್ಲಿದೆ, ತಿಮಿಂಗಿಲವೂ ಅಲ್ಲೇ ಇದೆ.

ಹಡಗುಗಳ ದಾರಿಯೂ ಅಲ್ಲೇ ಇದೆ. ಲಂಕೆಯನ್ನು ಕೆಳಗಿನಿಂದ ಸುತ್ತಬೇಕು ಅಂದೆನಲ್ಲ, ಆ ದಾರಿ. ನಾವು ನೋಡುತ್ತಿದ್ದಂತೆಯೇ ದಕ್ಷಿಣದಲ್ಲಿ ಒಂದರ ಹಿಂದೆ ಒಂದು ಮೂರು ಕಂಟೇನರ್ ಹಡಗು ಹಾದುಹೋದವು, ನಮ್ಮ ಎರಡು ಪಟ್ಟು ವೇಗದಲ್ಲಿ. ಅವುಗಳ ಮೂತಿಗೆ ಸಿಕ್ಕು ಸಾಯುವ ತಿಮಿಂಗಿಲಗಳಿವೆ. ಅಷ್ಟು ದೊಡ್ಡ ಹಡಗಿನಲ್ಲಿ ಇರುವವರಿಗೆ ಬಡಿದದ್ದೂ ಗೊತ್ತಾಗುವುದಿಲ್ಲ. 2022ರಲ್ಲಿ ಎಂಎಸ್‌ಸಿ ಅನ್ನುವ ದೊಡ್ಡ ಕಂಟೇನರ್ ಹಡಗು ಕಂಪನಿ ತನ್ನ ಹಡಗುಗಳನ್ನು 15 ನಾಟಿಕಲ್ ಮೈಲು ಇನ್ನೂ ದಕ್ಷಿಣಕ್ಕೆ ಸರಿಸಿತು. ಎಲ್ಲರೂ ಸರಿಯಬೇಕು. ಅಷ್ಟು ಸುತ್ತಿದರೆ ಆಗುವ ತಡ ಎಷ್ಟು? ಹುಬ್ಬಳ್ಳಿಯಲ್ಲಿ ಒಂದು ರೈಲ್ವೆ ಗೇಟ್ ಹಾಕಿದಾಗ ಕಾಯುವುದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ದಂಡೆಯ ಕಡೆಯಿಂದ ಪ್ರವಾಸಿಗಳ ದೋಣಿಗಳೂ ಬಂದವು. ತಿಮಿಂಗಿಲ ಮುಳುಗಿದ ಕಡೆಗೆ ಎಲ್ಲವೂ ಓಡಿದವು. ಹೊಟ್ಟೆಪಾಡು, ನನಗೆ ಅರ್ಥವಾಗುತ್ತದೆ. ಆದರೂ ನೋಡಿ ಸಂಕಟವಾಯಿತು. ನಮ್ಮ ಕ್ಯಾಪ್ಟನ್ ಜಾಗ ಬಿಟ್ಟು ಕದಲಲಿಲ್ಲ. ಅವರಿಗೆ ಬೇಕೆಂದರೆ ಅವರೇ ಬರುತ್ತಾರೆ ಅಂದರು. ತಿಮಿಂಗಿಲವನ್ನು ಅವರು ಯಾವಾಗಲೂ ಹಾಗೇ, ಮರ್ಯಾದೆ ಕೊಟ್ಟು ಮಾತಾಡುತ್ತಾರೆ. ಹನ್ನೆರಡು ನಿಮಿಷ ಕಾದೆವು. ಏಳು ವರ್ಷದ ಆ ಹುಡುಗಿ ಕೂಡ ಅಲ್ಲಾಡದೆ ನಿಂತಿದ್ದಳು. ತಿಮಿಂಗಿಲ ದೋಣಿಗಳಿಂದ ದೂರ, ನಮ್ಮ ಕಡೆಗೇ ಎದ್ದಿತು. ಈ ಸಲ ಎರಡು. ಉಸಿರಿನ ವಾಸನೆಯೂ ಬಂತು, ಮೀನುಪೇಟೆಯ ಬೆಳಗಿನ ವಾಸನೆ. ಅಜ್ಜಿ ನನ್ನ ಸುಟ್ಟ ಕೈಯನ್ನೇ ಗಟ್ಟಿಯಾಗಿ ಹಿಡಿದಿದ್ದರು. ಅವರಿಗೂ ನೆನಪಿಲ್ಲ, ನನಗೂ ನೋಯಲಿಲ್ಲ. ತಿಂಡಿ ಒಂಬತ್ತೂವರೆಗೆ ಆಯಿತು. ಯಾರೂ ಕೇಳಲಿಲ್ಲ.

ಟ್ರಿಂಕೋಮಲಿಯಲ್ಲಿ ಇಳಿದು, ಕೊಲಂಬೊ, ಬೆಂಗಳೂರು ಅಂತ ಹುಬ್ಬಳ್ಳಿಗೆ ಬಂದೆ. ಮರುದಿನ ಮಧ್ಯಾಹ್ನ ಊಟದವರೆಲ್ಲ ಹೋದ ಮೇಲೆ ಅವ್ವ ಬಾಗಿಲಲ್ಲಿ ಕೂತಿದ್ದಳು.

"ಎಷ್ಟುದ್ದ ಇರ್ತೈತಿ ತಮ್ಮಾ ಅದು?"

ಅಷ್ಟೊತ್ತಿಗೆ ರಸ್ತೆಯಲ್ಲಿ ಒಂದು ಚಿಗರಿ ಬಂತು, ಅದರ ಬೆನ್ನಿಗೇ ಇನ್ನೊಂದು. ಒಂದು ಬಸ್ಸು 12 ಮೀಟರ್. ಸಿಗ್ನಲ್ಲಿಗೆ ಎರಡೂ ಒಂದಕ್ಕೊಂದು ಅಂಟಿಕೊಂಡ ಹಾಗೆ ನಿಂತವು.

"ಅಲ್ಲಿಂದ ಅಲ್ಲೀ ಮಟಾ ಅವ್ವಾ. ಎರಡೂ ಸೇರಿ ಒಂದು."

ಅವ್ವ ಎದ್ದು ನಿಂತಳು. ಮುಂದಿನ ಬಸ್ಸಿನ ಮೂತಿಯಿಂದ ಹಿಂದಿನ ಬಸ್ಸಿನ ಬಾಲದವರೆಗೆ ನಿಧಾನಕ್ಕೆ ನೋಡಿದಳು. ಸಿಗ್ನಲ್ ಬಿಟ್ಟಿತು, ಬಸ್ಸು ಹೋದವು, ಅವಳು ಇನ್ನೂ ಆ ಖಾಲಿ ಜಾಗವನ್ನೇ ನೋಡುತ್ತಿದ್ದಳು.

"ಮತ್ತ ಅದು ಉಸುರು ಬಿಟ್ಟಿದ್ದು ನಿನಗ ಕೇಳಿಸ್ತೇನು?"

"ಕೇಳಿಸ್ತವ್ವಾ."