ಹೊಲಿಗೆ ಒಣಗೋವರ್ಗೂ ಕಸೂತಿ

ಗರ್ಭಕೋಶದ ಆಪರೇಷನ್ ಆಯ್ತು ಅಂದ್ರೆ ಎಲ್ಲರೂ ಹೇಳೋದು ರೆಸ್ಟ್ ತಗೋ ಅಂತ. ಹೊಟ್ಟೆ ಕೊಯ್ದು ಮಾಡಿದ್ರೆ ಆರರಿಂದ ಎಂಟು ವಾರ ಬೇಕು, ತುಂಬಿದ ಬಿಂದಿಗೆ ಎತ್ತಂಗಿಲ್ಲ, ಬಗ್ಗಿ ನೆಲ ಒರೆಸಂಗಿಲ್ಲ, ಆದ್ರೆ ಅಷ್ಟು ದಿನ ತಲೆಗೆ ಏನು ಕೆಲಸ ಕೊಡೋದು ಅಂತ ಯಾರೂ ಹೇಳಲ್ಲ. ನಂಗೆ ಅದು ಮಾತ್ರೆಯಷ್ಟೇ ಮುಖ್ಯ ಅನ್ಸಿದ್ದಕ್ಕೆ ಬರೀತಿದೀನಿ.

ಮೊಬೈಲ್ ಇದ್ಯಲ್ಲ ಅಂತೀರಾ? ಕಾಮಿಡಿ ನೋಡೋ ಹಾಗಿಲ್ಲ, ನಕ್ರೆ ಹೊಲಿಗೆ ಎಳೆಯುತ್ತೆ, ಹೊಟ್ಟೆಗೆ ದಿಂಬು ಒತ್ತಿ ಹಿಡ್ಕೊಂಡು ನಗ್ಬೇಕು (ಕೆಮ್ಮಿದ್ರೂ ಹಾಗೇ, ದಿಂಬು ಪಕ್ಕದಲ್ಲೇ ಇರ್ಲಿ). ರೀಲ್ಸ್ ಎಷ್ಟೊತ್ತು ನೋಡಿದ್ರೂ ಏನ್ ನೋಡ್ದೆ ಅಂತ ನೆನಪಿರಲ್ಲ. ದಪ್ಪ ಪುಸ್ತಕ ಹೊಟ್ಟೆ ಮೇಲೆ ಇಟ್ಕೊಳ್ಳೋಕಾಗಲ್ಲ, ಮಾತ್ರೆ ಮಂಪರಲ್ಲಿ ಓದಿದ ಸಾಲೇ ಮತ್ತೆ ಓದ್ತಿರ್ತೀವಿ. ಆ ಮೊದಲ ದಿನಗಳಿಗೆ ತಾಳಮದ್ದಳೆ ಆಡಿಯೋ ತುಂಬಾ ಒದಗ್ತು, ಅದು ಕೂತು ಮಾಡೋ ಯಕ್ಷಗಾನ, ವೇಷ ಇಲ್ಲ ಕುಣಿತ ಇಲ್ಲ, ಹಾಡೋ ಭಾಗವತರ ಪದ, ಆಮೇಲೆ ಪಾತ್ರಗಳಾಗಿ ಮಾತಾಡೋ ಅರ್ಥಧಾರಿಗಳ ಮಾತು, ಗಂಟೆಗಟ್ಟಲೆ, ಎಲ್ಲಾ ಕಣ್ಣು ಮುಚ್ಕೊಂಡೇ ಕೇಳ್ಬಹುದು, ನಡುವೆ ನಿದ್ದೆ ಹೋಗಿ ಎದ್ರೂ ಅದೇ ಕೃಷ್ಣ ಸಂಧಾನದ ವಾದ ನಡೀತಿರುತ್ತೆ, ಕಥೆಯ ಎಳೆ ಸಿಕ್ಬಿಡುತ್ತೆ.

ಆದ್ರೆ ನನ್ನನ್ನ ನಿಜವಾಗಿ ಎಬ್ಬಿಸಿ ಕೂರಿಸಿದ್ದು ಕಸೂತಿ, ಉತ್ತರ ಕರ್ನಾಟಕದ ಕಡೆ ಸೀರೆ ಮೇಲೆ ಸೂಜಿ ದಾರದಲ್ಲಿ ಚಿತ್ತಾರ ಹಾಕ್ತಾರಲ್ಲ, ಅದು. ನಮ್ಮತ್ತೆ ಧಾರವಾಡದವ್ರು, ನೋಡ್ಕೊಳ್ಳೋಕೆ ಅಂತ ಬಂದವ್ರು ಒಂದು ತುಂಡು ಮ್ಯಾಟಿ ಬಟ್ಟೆ (ಎಳೆ ಎಣಿಸೋಕೆ ಸುಲಭ ಆಗೋ ನೇಯ್ಗೆ), ಕೆಂಪು ದಾರ ಕೈಗಿಟ್ರು. ಕಸೂತೀಲಿ ಪೆನ್ಸಿಲ್ಲಲ್ಲಿ ಗೆರೆ ಬರ್ಕೊಳ್ಳಲ್ಲ, ಬಟ್ಟೆಯ ಎಳೆ ಎಣಿಸ್ಕೊಂಡೇ ಹಾಕೋದು. ಗವಂತಿ, ಮುರ್ಗಿ, ನೇಗಿ, ಮೆಂತೆ ಅಂತ ನಾಲ್ಕು ಥರ ಹೊಲಿಗೆ. ಗವಂತಿಲಿ ಹೋಗ್ವಾಗ ಒಂದು ಬಿಟ್ಟು ಒಂದು ಹಾಕಿ, ಬರ್ವಾಗ ಬಿಟ್ಟ ಜಾಗ ತುಂಬ್ಕೊಂಡು ಬರೋದು, ಗಂಟು ಹಾಕಂಗಿಲ್ಲ, ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣ್ಬೇಕು. ಅಂದ್ರೆ ಸೂಜಿ ಹೊರಟ ಜಾಗಕ್ಕೆ ವಾಪಸ್ ಬರೋ ದಾರಿ ಮೊದ್ಲೇ ಯೋಚಿಸ್ಬೇಕು! ಈ ಎಣಿಕೆಯಲ್ಲಿ ಮನಸ್ಸು ಹೇಗೆ ನಿಲ್ಲುತ್ತೆ ಅಂದ್ರೆ ನೋವಿನ ಕಡೆ ಹೋಗೋಕೆ ಅದಕ್ಕೆ ಪುರುಸೊತ್ತೇ ಸಿಗಲ್ಲ. "ಅವಸರ ಮಾಡಬ್ಯಾಡವಾ, ಎಣಿಕಿ ತಪ್ಪಿದ್ರ ಬಿಚ್ಚಬೇಕಾಗ್ತದ" ಅಂತಿದ್ರು ಅತ್ತೆ.

ಇನ್ನೊಂದು ಉಪಯೋಗ, ಡಾಕ್ಟ್ರು ಒಂದೇ ಕಡೆ ಕೂತಿರ್ಬೇಡಿ, ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತೆ, ಆಗಾಗ ಓಡಾಡಿ ಅಂತಾರಲ್ಲ, ನಾನು ದಾರ ಗಿಡ್ಡ ಕತ್ತರಿಸ್ಕೊಳ್ತಿದ್ದೆ, ದಾರ ಮುಗೀತಾ ಎದ್ದು ಹಾಲಲ್ಲಿ ಓಡಾಡೋದು, ಬಂದು ಮತ್ತೆ ಪೋಣಿಸೋದು. ಮಂಪರು ಜಾಸ್ತಿ ಇದ್ದ ದಿನ ಸೂಜಿ ಮುಟ್ಬೇಡಿ, ಹಾಸಿಗೇಲಿ ಬಿದ್ರೆ ಕಷ್ಟ. ಆವತ್ತು ಗ್ರಾಫ್ ಪುಸ್ತಕದಲ್ಲಿ ಚೌಕ ತುಂಬಿಸಿ ತುಳಸಿಕಟ್ಟೆ, ತೇರು, ಗೋಪುರ ಬರೀಬಹುದು, ಒಂದು ಚೌಕ ಒಂದು ಹೊಲಿಗೆ. ನಾನು ಹಳೇ ಗೋಪುರದ ಪಕ್ಕ ನಮ್ಮ ಬಾಲ್ಕನಿ, ಅದರ ಗ್ರಿಲ್ಲು, ದಾಸವಾಳದ ಕುಂಡ ಎಲ್ಲಾ ಚೌಕದಲ್ಲಿ ಕೂರಿಸ್ದೆ, ಅದು ನನ್ನದೇ ನಮೂನೆ, ಬೇರೆ ಯಾರ ಸೆರಗಲ್ಲೂ ಇಲ್ಲ, ಅದನ್ನ ನೋಡಿದಾಗೆಲ್ಲ ಹೆಮ್ಮೆ ಆಗುತ್ತೆ.

ಫ್ರಾನ್ಸಿನ ಚಿತ್ರಕಾರ ಮಾಟಿಸ್ ವಿಷಯ ಈ ಸಮಯದಲ್ಲಿ ತುಂಬಾ ಧೈರ್ಯ ಕೊಡ್ತು. ವಕೀಲರ ಹತ್ರ ಗುಮಾಸ್ತ ಆಗಿದ್ದ ಹುಡುಗ, ಅಪೆಂಡಿಸೈಟಿಸ್ ಆಗಿ ಮಲಗಿದ್ದಾಗ ಅಮ್ಮ ಬಣ್ಣದ ಪೆಟ್ಟಿಗೆ ತಂದುಕೊಟ್ರು, ಅಲ್ಲಿಂದ ಚಿತ್ರ ಶುರು. 1941ರಲ್ಲಿ 71ನೇ ವಯಸ್ಸಲ್ಲಿ ಹೊಟ್ಟೆಯ ದೊಡ್ಡ ಆಪರೇಷನ್ ಆಗಿ ಹೆಚ್ಚು ಹೊತ್ತು ನಿಲ್ಲೋಕೆ ಆಗ್ತಿರ್ಲಿಲ್ಲ, ಆಮೇಲೆ ಸಹಾಯಕರು ಬಣ್ಣ ಬಳಿದ ಕಾಗದಾನ ಹಾಸಿಗೇಲಿ, ಗಾಲಿಕುರ್ಚೀಲಿ ಕೂತು ಕತ್ತರೀಲಿ ಕತ್ತರಿಸಿ ಚಿತ್ರ ಮಾಡಿದ್ರು. ಕಾಗದ, ಕತ್ತರಿ, ಅಂಟು ನಮ್ಮನೇಲೂ ಇರುತ್ತಲ್ವಾ.

ನೋಡೋಕೆ ಬರೋರು ಏನ್ ತರ್ಲಿ ಅಂತ ಫೋನ್ ಮಾಡಿದ್ರೆ ಸಂಕೋಚ ಪಡ್ಬೇಡಿ, ಸೇಬು ಮೂಸಂಬಿ ಮನೇಲಿ ಸಾಕಷ್ಟಿದೆ, ಬರ್ತಾ ಎರಡು ಲಡಿ ದಾರ ತನ್ನಿ, ಒಂದು ಹಸಿರು ಒಂದು ಅರಿಶಿನ ಅಂತ ಹೇಳಿ.