ದೀಕ್ಷಾಸ್ನಾನವಿಲ್ಲದೆ ಹೋದ ಕೂಸುಗಳು

ನಾವು ಸ್ವಿಟ್ಜರ್ಲೆಂಡಿನ ಬರ್ನ್ ನಗರಕ್ಕೆ ಬಂದು ಒಂಬತ್ತು ವರ್ಷಗಳಾದವು. ಕಳೆದ ಸೆಪ್ಟೆಂಬರಿನಲ್ಲಿ ನಮಗೆ ಮಗಳು ಹುಟ್ಟಿದಳು. ಅಂದಿನಿಂದ ಗದಗಿನಲ್ಲಿರುವ ಅವ್ವ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ: "ಕೂಸಿನ ದೀಕ್ಷಾಸ್ನಾನ ಯಾವಾಗ ಇಟ್ಕೊಂಡೀರಿ?" ಚಳಿ ಕಳೆಯಲಿ, ನಿಮಗೆ ವೀಸಾ ಆಗಲಿ, ಎಲ್ಲರೂ ಸೇರಿದಾಗ ಮಾಡೋಣ ಎಂದು, ನೀರಿನಿಂದ ಕೂಸನ್ನು ಕ್ರೈಸ್ತ ಸಭೆಗೆ ಸೇರಿಸುವ ಆ ಸಂಸ್ಕಾರವನ್ನು ನಾನು ಮುಂದೂಡುತ್ತಲೇ ಇದ್ದೆ. ನವೆಂಬರಿನ ಒಂದು ಭಾನುವಾರ ಅವ್ವನ ದನಿ ಬದಲಾಯಿತು. "ಹಂಗ ಬಿಡಬ್ಯಾಡಪಾ. ನಿಮ್ಮಕ್ಕನ್ನ ಹಂಗ ಬಿಟ್ಟು ಕಳಕೊಂಡೇನಿ" ಎಂದಳು.

ನನಗಿಂತ ಮೊದಲು ಹುಟ್ಟಿದ ಹೆಣ್ಣುಕೂಸೊಂದು ಮೂರನೆಯ ದಿನವೇ ತೀರಿಕೊಂಡಿತ್ತೆಂದು ನನಗೆ ಗೊತ್ತಿತ್ತು. ಆದರೆ ಆ ದಿನ ಯಾರೋ ಹಿರಿಯ ಹೆಂಗಸೊಬ್ಬರು ಬಾಣಂತಿಯ ಕೋಣೆಯ ಹೊಸಿಲಲ್ಲಿ ನಿಂತು, ನೀರು ಬೀಳುವ ಮೊದಲೇ ಹೋದ ಕೂಸಿಗೆ ಪರಲೋಕದ ಬಾಗಿಲು ತೆರೆಯುವುದಿಲ್ಲ ಎಂದು ಆಡಿದ ಮಾತನ್ನು ಅವ್ವ ನಲವತ್ತು ವರ್ಷಗಳಿಂದ ಒಳಗೇ ಇಟ್ಟುಕೊಂಡಿದ್ದಳೆಂಬುದು ಗೊತ್ತಿರಲಿಲ್ಲ. ನನ್ನ ಮಗಳ ವಿಷಯದಲ್ಲಿ ಅವಳು ಅವಸರಪಡುತ್ತಿದ್ದುದು ಸಂಪ್ರದಾಯಕ್ಕಾಗಿ ಎಂದುಕೊಂಡಿದ್ದೆ, ಅದು ಭಯವಾಗಿತ್ತು.

ನಮ್ಮದು ಬಾಸೆಲ್ ಮಿಶನ್ ಮೂಲದ ಪ್ರಾಟೆಸ್ಟೆಂಟ್ ಕ್ರೈಸ್ತ ಕುಟುಂಬ. 1834ರಲ್ಲಿ ಮಂಗಳೂರಿಗೆ ಬಂದು ನೆಲೆಸಿದ ಮಿಶನರಿಗಳನ್ನು ಕಳುಹಿಸಿದ ಊರಾದ ಬಾಸೆಲ್ ನಾನಿರುವಲ್ಲಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ನಮ್ಮ ಹಿರಿಯರಿಗೆ ದೀಕ್ಷಾಸ್ನಾನವನ್ನು ಕಲಿಸಿದವರು ಈ ಕಡೆಯಿಂದಲೇ ಬಂದವರಾದುದರಿಂದ, ಅವ್ವನ ಪ್ರಶ್ನೆಗೆ ಉತ್ತರವನ್ನು ಇಲ್ಲಿಯೇ ಹುಡುಕಬೇಕೆಂದು ನನಗೆ ತೋರಿತು.

ವೇದಪುಸ್ತಕದಲ್ಲಿ ಎರಡೂ ಕಡೆಯ ಮಾತುಗಳಿವೆ. ನೀರಿನಿಂದಲೂ ಆತ್ಮದಿಂದಲೂ ಹುಟ್ಟದವನು ದೇವರ ರಾಜ್ಯವನ್ನು ಸೇರಲಾರನೆಂದು ಯೇಸು ನಿಕೊದೇಮನೆಂಬ ಯೆಹೂದ್ಯ ಮುಖಂಡನಿಗೆ ಹೇಳುತ್ತಾನೆ. ದೀಕ್ಷಾಸ್ನಾನವು ನಿಮ್ಮನ್ನು ರಕ್ಷಿಸುತ್ತದೆ ಎಂದು ಪೇತ್ರನ ಮೊದಲ ಪತ್ರಿಕೆ ನೇರವಾಗಿಯೇ ಹೇಳಿ, ಅದು ಮೈಕೊಳೆ ತೊಳೆಯುವ ಕ್ರಿಯೆಯಲ್ಲ ಎಂದು ಒಡನೆಯೇ ಎಚ್ಚರಿಸುತ್ತದೆ. ಇನ್ನೊಂದು ಕಡೆ, ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ನೀರು ಸಿಗಲಿಲ್ಲ, ಆದರೂ ಅಂದೇ ಪರದೈಸು ಸೇರುವೆ ಎಂಬ ಮಾತು ಸಿಕ್ಕಿತು. ರೋಮನ್ ಸೇನಾಧಿಕಾರಿ ಕೊರ್ನೇಲ್ಯನ ಮನೆಯಲ್ಲಿ ನೆರೆದವರ ಮೇಲೆ ಪವಿತ್ರಾತ್ಮ ಮೊದಲು ಇಳಿಯಿತು, ನೀರು ಆಮೇಲೆ ಬಂತು. ಮಾರ್ಕನ ಸುವಾರ್ತೆಯ 16ನೆಯ ಅಧ್ಯಾಯದಲ್ಲಿ, ನಂಬಿ ದೀಕ್ಷಾಸ್ನಾನ ಮಾಡಿಸಿಕೊಳ್ಳುವವನು ರಕ್ಷಣೆ ಹೊಂದುವನು ಎಂದ ಮೇಲೆ, ದಂಡನೆಯ ಮಾತು ಬರುವುದು ನಂಬದವನಿಗೆ ಮಾತ್ರ. ನೀರು ಮುಟ್ಟದವನಿಗೆ ಎಂದು ಅಲ್ಲಿ ಹೇಳಿಲ್ಲ. ಹಾಗಿರುವಾಗ ಮೂರು ದಿನದ ಕೂಸಿಗೆ ಬಾಗಿಲು ಮುಚ್ಚಿದೆಯೆಂಬ ಮಾತು ಎಲ್ಲಿಂದ ಬಂತು?

ಅದನ್ನು ತಿಳಿಯಲು ಡಿಸೆಂಬರಿನಲ್ಲಿ ಒಂದು ಶನಿವಾರ ಲಿಸ್‌ನಲ್ಲಿ ರೈಲು ಬದಲಿಸಿ ಆರೆ ನದಿಯ ದಡದ ಬ್ಯೂರೆನ್‌ಗೆ ಹೋದೆ. ಊರಿನ ಪಕ್ಕದಲ್ಲೇ ಓಬರ್‌ಬ್ಯೂರೆನ್ ಎಂಬ ಎತ್ತರದ ಜಾಗವಿದೆ. ಹದಿನೈದನೆಯ ಶತಮಾನದ ಕೊನೆಯಲ್ಲಿ ಇಲ್ಲೊಂದು ಮರಿಯಮ್ಮನವರ ಯಾತ್ರಾಸ್ಥಳವಿತ್ತು. ಸತ್ತು ಹುಟ್ಟಿದ ಕೂಸುಗಳನ್ನು ತಂದೆತಾಯಿಗಳು ದೂರದೂರದಿಂದ ಇಲ್ಲಿಗೆ ಹೊತ್ತು ತರುತ್ತಿದ್ದರು. ಕೂಸಿನ ದೇಹವನ್ನು ಕೆಂಡ ಮತ್ತು ಮೇಣದಬತ್ತಿಗಳ ನಡುವೆ ಇಟ್ಟು ಬೆಚ್ಚಗೆ ಮಾಡುತ್ತಿದ್ದರು, ತುಟಿಯ ಮೇಲೆ ಹಗುರವಾದ ಒಂದು ಗರಿ ಇಡುತ್ತಿದ್ದರು. ಕಾವಿಗೆ ಗರಿ ಅಲುಗಿತೆಂದರೆ ಕೂಸು ಉಸಿರಾಡಿತೆಂದು ತಿಳಿದು, ಆ ಕ್ಷಣದಲ್ಲೇ ದೀಕ್ಷಾಸ್ನಾನ ಕೊಟ್ಟು, ಪವಿತ್ರ ಮಣ್ಣಿನಲ್ಲಿ ಹೂಳುತ್ತಿದ್ದರು. 1486ರಲ್ಲಿ ಕಾನ್‌ಸ್ಟೆನ್ಸ್‌ನ ಬಿಷಪರು ಇದನ್ನು ಆಕ್ಷೇಪಿಸಿ ರೋಮಿಗೆ ಬರೆದಾಗ, ಹಾಗೆ ದೀಕ್ಷೆ ಪಡೆದ ಕೂಸುಗಳ ಸಂಖ್ಯೆ ಎರಡು ಸಾವಿರ ದಾಟಿದೆಯೆಂದರು. ಬರ್ನ್ ಕಥೋಲಿಕ ಸಭೆಯನ್ನು ಬಿಟ್ಟು ಪ್ರಾಟೆಸ್ಟೆಂಟ್ ಆದ 1528ರಲ್ಲಿ ಮರಿಯಮ್ಮನವರ ಮೂರ್ತಿಯನ್ನು ಸುಟ್ಟರು, ಮುಂದಿನ ಕೆಲವೇ ವರ್ಷಗಳಲ್ಲಿ ಕಟ್ಟಡವನ್ನೂ ನೆಲಸಮ ಮಾಡಿದರು. 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಸುಮಾರು 250 ಶಿಶುಗಳ ಎಲುಬುಗಳು ಸಿಕ್ಕವು. ಅವುಗಳಲ್ಲಿ ತಿಂಗಳು ತುಂಬದವೂ ಇದ್ದವು.

ನಾನು ಹೋದ ದಿನ ಅಲ್ಲಿ ಮಂಜು ಕವಿದಿತ್ತು. ಯಾರೂ ಇರಲಿಲ್ಲ. ಹಿಮಗಟ್ಟಿದ ಹುಲ್ಲು ಕಾಲಡಿಯಲ್ಲಿ ಮುರಿಯುತ್ತಿತ್ತು. ಇದೇ ಏರನ್ನು ಹತ್ತಿ ಬಂದ ತಂದೆಯೊಬ್ಬನ ತೋಳಿನಲ್ಲಿ ಬಟ್ಟೆಯಲ್ಲಿ ಸುತ್ತಿದ ಗಂಟು ಎಷ್ಟು ಹಗುರವಾಗಿತ್ತೆಂಬುದು ನನಗೆ ಥಟ್ಟನೆ ಹೊಳೆಯಿತು, ಏಕೆಂದರೆ ಮನೆಯಲ್ಲಿ ನನ್ನ ಮಗಳು ಹುಟ್ಟಿದ ದಿನ ಅವಳ ತೂಕ ನನ್ನ ತೋಳಿಗೆ ಗೊತ್ತಾಗಿತ್ತು. ಆ ಜನರನ್ನು ಮೂಢರೆಂದು ಕರೆಯಲು ನನ್ನಿಂದಾಗಲಿಲ್ಲ. ದೀಕ್ಷೆಯಿಲ್ಲದ ಶಿಶುಗಳಿಗೂ ದಂಡನೆಯುಂಟು, ಆದರೆ ಅದು ಎಲ್ಲಕ್ಕಿಂತ ಸೌಮ್ಯವಾದುದು ಎಂದು ಸಂತ ಅಗಸ್ಟೀನರು ಐದನೆಯ ಶತಮಾನದಲ್ಲಿ ಬೋಧಿಸಿದ್ದರು. ಆಮೇಲೆ ಬಂದವರು ಅದನ್ನು ಮೃದುಗೊಳಿಸಿ, ನೋವೂ ಇಲ್ಲದ ದೇವದರ್ಶನವೂ ಇಲ್ಲದ 'ಲಿಂಬೋ' ಎಂಬ ಅಂಚಿನ ಲೋಕವೊಂದನ್ನು ಊಹಿಸಿದರು. ಹೆತ್ತವರಿಗೆ ಅದೂ ಅಗಲಿಕೆಯೇ. ಅವರು ಗರಿಯ ಅಲುಗಾಟಕ್ಕಾಗಿ ಕಾದು ಕುಳಿತದ್ದು ಆ ಅಗಲಿಕೆಯನ್ನು ತಾಳಲಾರದೆ.

ಕಥೋಲಿಕ ಸಭೆ ದೀಕ್ಷಾಸ್ನಾನ ಅವಶ್ಯವೆಂಬ ಮಾತನ್ನು ಇಂದಿಗೂ ಬಿಟ್ಟಿಲ್ಲ. ಅದು ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎನ್ನುವವರನ್ನು 1547ರಲ್ಲಿ ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆ ಖಂಡಿಸಿತು. ಆದರೆ ನೀರು ಸಿಗದೆ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರಿಗೆ ರಕ್ತದ ದೀಕ್ಷೆ, ಬಯಸಿಯೂ ಪಡೆಯಲಾಗದವರಿಗೆ ಬಯಕೆಯ ದೀಕ್ಷೆ ಎಂಬ ಎರಡು ದಾರಿಗಳನ್ನು ಅದು ಮೊದಲಿನಿಂದಲೂ ಒಪ್ಪಿದೆ. 1992ರ ಅದರ ಧರ್ಮೋಪದೇಶ ಗ್ರಂಥದ ಒಂದು ಮಾತನ್ನು ನಾನು ಬರೆದಿಟ್ಟುಕೊಂಡಿದ್ದೇನೆ: ದೇವರು ರಕ್ಷಣೆಯನ್ನು ದೀಕ್ಷಾಸ್ನಾನಕ್ಕೆ ಕಟ್ಟಿದ್ದಾನೆ, ಆದರೆ ತಾನು ಆ ಸಂಸ್ಕಾರಗಳಿಗೆ ಕಟ್ಟುಬಿದ್ದವನಲ್ಲ. 2007ರಲ್ಲಿ ವ್ಯಾಟಿಕನ್ನಿನ ದೈವಶಾಸ್ತ್ರಜ್ಞರ ಆಯೋಗ, ದೀಕ್ಷೆಯಿಲ್ಲದೆ ತೀರಿಕೊಂಡ ಶಿಶುಗಳ ರಕ್ಷಣೆಗಾಗಿ ಭರವಸೆಯಿಡಲು ಬಲವಾದ ಆಧಾರಗಳಿವೆ ಎಂದು ಹೇಳಿತು. ಆ ಮಾತು ಓಬರ್‌ಬ್ಯೂರೆನ್ನಿನ ತಾಯಂದಿರಿಗೆ ಐನೂರು ವರ್ಷ ತಡವಾಯಿತೆಂದು ನನಗೆ ಅನ್ನಿಸದಿರಲಿಲ್ಲ.

ನಮ್ಮ ಪ್ರಾಟೆಸ್ಟೆಂಟ್ ಕಡೆಯ ಕಥೆಯೂ ನಿಷ್ಕಳಂಕವೇನಲ್ಲ. ಜೂರಿಕ್‌ನಲ್ಲಿ ಗ್ರೋಸ್‌ಮ್ಯೂನ್‌ಸ್ಟರ್ ಚರ್ಚಿನ ಬೋಧಕರಾಗಿದ್ದ ಜ್ವಿಂಗ್ಲಿ, ನೀರು ಒಂದು ಗುರುತು ಮಾತ್ರ, ಅದರಿಂದ ರಕ್ಷಣೆ ಬರುವುದಿಲ್ಲ ಎಂದು ಕಲಿಸಿದವರು. ಅವರ ಶಿಷ್ಯರಲ್ಲಿ ಕೆಲವರು, ಹಾಗಾದರೆ ನಂಬಲು ತಿಳಿಯದ ಕೂಸಿಗೆ ಆ ಗುರುತು ಏಕೆ ಎಂದು ಕೇಳಿದರು. 1525ರ ಜನವರಿಯಲ್ಲಿ ನಗರಸಭೆ, ಎಂಟು ದಿನಗಳೊಳಗೆ ಎಲ್ಲ ಕೂಸುಗಳಿಗೂ ದೀಕ್ಷೆ ಮಾಡಿಸಬೇಕು, ತಪ್ಪಿದರೆ ಗಡೀಪಾರು ಎಂದು ಆಜ್ಞಾಪಿಸಿತು. ಕೆಲವೇ ದಿನಗಳಲ್ಲಿ, 21ರ ರಾತ್ರಿ, ಆ ಶಿಷ್ಯರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನ ಮನೆಯಲ್ಲಿ ಆ ಗೆಳೆಯರು ಒಬ್ಬರಿಗೊಬ್ಬರು ಹೊಸದಾಗಿ ದೀಕ್ಷಾಸ್ನಾನ ಕೊಟ್ಟುಕೊಂಡರು. ಈ ಮರುದೀಕ್ಷೆಗಾಗಿ 1527ರ ಜನವರಿ 5ರಂದು ಮಾಂಟ್ಸ್‌ನ ಕೈಗಳನ್ನು ಮೊಣಕಾಲಿಗೆ ಸೇರಿಸಿ ಕಟ್ಟಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ದಡದಲ್ಲಿ ನಿಂತ ಅವನ ತಾಯಿ, ಹೆದರಬೇಡ, ಗಟ್ಟಿಯಾಗಿ ನಿಲ್ಲು ಎಂದು ಕೂಗುತ್ತಿದ್ದಳಂತೆ. ಆ ದಡದಲ್ಲಿ 2004ರಲ್ಲಿ ನೆಟ್ಟ ಕಲ್ಲಿನ ಫಲಕವಿದೆ. ನೀರೇ ರಕ್ಷಿಸುವುದಿಲ್ಲ ಎಂಬುದರಲ್ಲಿ ಕೊಂದವರಿಗೂ ಸತ್ತವನಿಗೂ ಭಿನ್ನಾಭಿಪ್ರಾಯವಿರಲಿಲ್ಲ ಎಂಬುದನ್ನು ನೆನೆದಾಗ ಆ ಫಲಕದ ಮುಂದೆ ನಿಲ್ಲುವುದು ನನಗೆ ಕಷ್ಟವಾಯಿತು.

ಜರ್ಮನಿಯ ಸುಧಾರಕ ಲೂಥರರು ಜ್ವಿಂಗ್ಲಿಯ ಮಾತನ್ನೂ ಮಾಂಟ್ಸ್‌ನ ಮಾತನ್ನೂ ಒಪ್ಪುತ್ತಿರಲಿಲ್ಲ. ದೇವರ ವಾಕ್ಯದೊಂದಿಗೆ ಸೇರಿದ ನೀರು ನಂಬುವವನಿಗೆ ಪಾಪಕ್ಷಮೆಯನ್ನು ನಿಜವಾಗಿಯೂ ಕೊಡುತ್ತದೆ ಎಂಬುದು ಅವರ ಉಪದೇಶ. ಅವ್ವನ ಪ್ರಶ್ನೆಗೆ ನೇರ ಉತ್ತರ ನನಗೆ ಸಿಕ್ಕಿದ್ದು ಜಿನೀವಾದ ಸುಧಾರಕ ಕ್ಯಾಲ್ವಿನ್ನರಲ್ಲಿ. ಸಾಯುವ ಸ್ಥಿತಿಯಲ್ಲಿರುವ ಕೂಸಿಗೆ ಸೂಲಗಿತ್ತಿಯರು ಅವಸರದಲ್ಲಿ ದೀಕ್ಷೆ ಕೊಡುವುದನ್ನು ಅವರು ವಿರೋಧಿಸಿದರು. ಮೇಲುನೋಟಕ್ಕೆ ಇದು ಕಠಿಣವೆನಿಸುತ್ತದೆ. ಅವರ ಕಾರಣವಾದರೋ ಕರುಣೆಯದು: ನಿನಗೂ ನಿನ್ನ ಸಂತತಿಗೂ ದೇವರಾಗಿರುವೆನೆಂದು ಅಬ್ರಹಾಮನಿಗೆ ಕೊಟ್ಟ ಮಾತಿನಲ್ಲಿ ವಿಶ್ವಾಸಿಗಳ ಮಕ್ಕಳು ಹುಟ್ಟುವ ಮೊದಲೇ ಸೇರಿದ್ದಾರೆ, ದೀಕ್ಷಾಸ್ನಾನ ಅವರನ್ನು ಹೊರಗಿನಿಂದ ಒಳಗೆ ತರುವುದಿಲ್ಲ, ಒಳಗಿರುವವರಿಗೆ ಮುದ್ರೆ ಒತ್ತುತ್ತದೆ. ದಾವೀದ ಅರಸನ ಕೂಸು ಏಳನೆಯ ದಿನ ತೀರಿಕೊಂಡ ಪ್ರಸಂಗ ಎರಡನೆಯ ಸಮುವೇಲನ ಪುಸ್ತಕದಲ್ಲಿದೆ. ಅದು ಹುಟ್ಟಿದ ಏಳನೆಯ ದಿನವೆಂದು ತಿಳಿದರೆ, ಅಬ್ರಹಾಮನಿಗೆ ಕೊಟ್ಟ ಆ ಮಾತಿನ ಗುರುತಾದ ಎಂಟನೆಯ ದಿನದ ಸುನ್ನತಿಗೆ ಮೊದಲೇ ಹೋದ ಕೂಸು ಅದು. ಆದರೂ ದಾವೀದ ಎದ್ದು, ಸ್ನಾನ ಮಾಡಿ, ತಾನೇ ಅದರ ಬಳಿಗೆ ಹೋಗುವೆನಲ್ಲದೆ ಅದು ತನ್ನ ಬಳಿಗೆ ಬರಲಾರದು ಎನ್ನುತ್ತಾನೆ.

ಹಾಗೆಂದು ದೀಕ್ಷಾಸ್ನಾನ ಬೇಕಾದರೆ ಮಾಡಿಸುವ, ಬೇಡವಾದರೆ ಬಿಡುವ ಆಚರಣೆಯೆಂದು ಹೇಳಲು ನಾನು ಸಿದ್ಧನಿಲ್ಲ. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷೆ ಪಡೆದು, ಮುಂದೆ ಬಾಸೆಲ್‌ನಲ್ಲಿ ಓದಿ ಪಾದ್ರಿಯಾದ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯರನ್ನು ನೆನೆಯಬೇಕು. ಅವರಂಥವರು ಮನಸ್ಸಿನಲ್ಲಿ ನಂಬಿಕೊಂಡು ಸುಮ್ಮನಿದ್ದಿದ್ದರೆ ಮನೆ, ಬಂಧುಬಳಗ ಯಾವುದೂ ಕಳಚುತ್ತಿರಲಿಲ್ಲ. ಆ ಬೆಲೆ ತೆರಬೇಕಾಗಿ ಬಂದದ್ದು ನಾಲ್ಕು ಜನರೆದುರು ನೀರಿಗೆ ತಲೆಬಾಗಿದ್ದಕ್ಕೆ. ಆಜ್ಞೆಯನ್ನು ಕೇಳಿದವನು, ಅದನ್ನು ನಡೆಸಲು ಶಕ್ತನಾದವನು, ಗುರುತು ತಾನೇ ಎಂದು ಅಲಕ್ಷ್ಯ ಮಾಡಿದರೆ ಅವನ ನಂಬಿಕೆಯ ಮೇಲೆಯೇ ಅನುಮಾನ ಬರುತ್ತದೆ. ಅವಶ್ಯವೆಂಬ ಮಾತು ನಮಗೆ ಸಲ್ಲುತ್ತದೆ, ದೇವರಿಗೆ ಸಲ್ಲುವುದಿಲ್ಲ ಎಂಬುದು ನಾನು ತಲುಪಿದ ನಿಲುವು. ಮುಂದೂಡುತ್ತಿದ್ದವನು ನಾನು, ನನ್ನಲ್ಲಿ ತಪ್ಪಿತ್ತು. ಮೂರು ದಿನ ಮಾತ್ರ ಬದುಕಿದ ಅಕ್ಕನಲ್ಲಿ ಏನೂ ತಪ್ಪಿರಲಿಲ್ಲ.

ಹೊಸ ವರ್ಷದ ಮೊದಲ ಭಾನುವಾರ ಇದೆಲ್ಲವನ್ನೂ ಅವ್ವನಿಗೆ ಹೇಳಿದೆ. ಓಬರ್‌ಬ್ಯೂರೆನ್ನಿನ ಕೆಂಡದ ವಿಷಯ ಬಂದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ. ಫೋನು ಕಡಿದುಹೋಯಿತೆಂದೇ ತಿಳಿದಿದ್ದೆ. ದಾವೀದನ ಮಾತನ್ನು ಕನ್ನಡ ಬೈಬಲಿನಿಂದ ಎರಡು ಸಲ ಓದಿಸಿಕೊಂಡಳು. ಅಧ್ಯಾಯ ಯಾವುದೆಂದು ಕೇಳಿ, ಹನ್ನೆರಡು ಎಂದಾಗ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಂಡಳು. ಫೆಬ್ರುವರಿಯ ಎರಡನೆಯ ಭಾನುವಾರಕ್ಕೆ ಇಲ್ಲಿಯ ಸಭೆಯಲ್ಲಿ ದಿನ ಗೊತ್ತುಮಾಡಿದ್ದೇನೆಂದು, ವೀಸಾಕ್ಕೆ ಕಾಯುವುದಿಲ್ಲವೆಂದು ಹೇಳಿದೆ.

"ಆಗ ಅಲ್ಲಿ ಬರ್ಫ ಇರ್ತೈತಲ್ಲ" ಎಂದಳು ಅವ್ವ. "ನೀರು ಬೆಚ್ಚಗ ಮಾಡ್ತಾರೇನು, ಮದ್ಲ ಕೇಳಿಟ್ಕೋ."