ಶಾಂತಿ ಕೋರುವ ಮುಂಚಿನ ಶನಿವಾರ

ಹಾಸನ, ಚಿಕ್ಕಮಗಳೂರು ಕಡೆ ತಪಸ್ಸುಕಾಲ, ಅಂದರೆ ನಾವು ಕ್ಯಾಥೊಲಿಕರು ಈಸ್ಟರ್‌ಗೆ ಮುಂಚೆ ಆಚರಿಸುವ ಉಪವಾಸದ ಕಾಲ, ಬರುವುದೇ ಜಗಳದ ಹೊತ್ತಿಗೆ. ರೊಬಸ್ಟಾ ಕಾಫಿಯ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಕಾಲ ಅದು. ಮೇಲಿನ ತೋಟದವರು ಹಳ್ಳಕ್ಕೆ ಮೋಟಾರ್ ಇಟ್ಟರೆ ಕೆಳಗಿನವರಿಗೆ ನೀರಿಲ್ಲ. ಕೊಯ್ಲಿನ ಕೂಲಿ ಚುಕ್ತಾ ಆಗಬೇಕಾದದ್ದೂ ಆಗಲೇ. ತಪಸ್ಸುಕಾಲದ ಮೊದಲ ದಿನವಾದ ಬೂದಿ ಬುಧವಾರದಿಂದ ಮಾಂಸ ಮುಟ್ಟದ ಮನೆಯಲ್ಲೂ ಪಕ್ಕದ ತೋಟದವರೊಡನೆ ಮಾತು ನಿಂತಿರುತ್ತದೆ.

ಭಾನುವಾರದ ಬಲಿಪೂಜೆಯಲ್ಲಿ ಪ್ರಭು ಕಲಿಸಿದ ಪ್ರಾರ್ಥನೆ ಆದಮೇಲೆ, ರೊಟ್ಟಿ ಮುರಿಯುವ ಮುಂಚೆ, ಪರಸ್ಪರ ಶಾಂತಿ ಕೋರುತ್ತೇವೆ. ಭಾರತದಲ್ಲಿ ಇದನ್ನು ಕೈಮುಗಿದು ಕೋರಲು 1969ರಲ್ಲೇ ಅನುಮತಿ ಸಿಕ್ಕಿತು. ಅಕ್ಕಪಕ್ಕದವರಿಗಷ್ಟೇ ಕೋರಬೇಕು, ಜಾಗ ಬಿಟ್ಟು ಓಡಾಡಬಾರದು ಎಂದು ವ್ಯಾಟಿಕನ್ 2014ರಲ್ಲಿ ಮತ್ತೆ ನೆನಪಿಸಿತು. ಜಗಳವಾಡಿದವರು ಕೊನೆಯ ಬೆಂಚಿನಲ್ಲಿದ್ದರೆ ನಾವು ನಮ್ಮ ಮನೆಯವರಿಗೇ ಕೈಮುಗಿದು ಮುಗಿಸುತ್ತೇವೆ! ಎನ್.ಆರ್. ಪುರ (ನರಸಿಂಹರಾಜಪುರ) ಕಡೆಯ ಸೀರೋ-ಮಲಬಾರ್ ಪೂಜೆಯಲ್ಲಿ, ಅಂದರೆ ಕೇರಳ ಮೂಲದ ಕ್ಯಾಥೊಲಿಕರ ಪೂಜಾಕ್ರಮದಲ್ಲಿ, ಶಾಂತಿ ಇನ್ನೂ ಮೊದಲೇ, ವಿಶ್ವಾಸ ಪ್ರಮಾಣದ ನಂತರ ಬರುತ್ತದೆ. ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೊಳ್ಳಬೇಕೆನ್ನುವ ಮತ್ತಾಯ 5:23-24ಕ್ಕೆ ಆ ಕ್ರಮವೇ ಹೆಚ್ಚು ಹತ್ತಿರ. ಆ ವಚನವನ್ನು ಸರಿಯಾಗಿ ಓದಬೇಕು. ನಮಗೆ ಯಾರ ಮೇಲೆ ಸಿಟ್ಟಿದೆ ಎಂದು ಅದು ಕೇಳುವುದೇ ಇಲ್ಲ, ನಮ್ಮ ಮೇಲೆ ಯಾರಿಗೆ ಮನಸ್ತಾಪವಿದೆ ಎಂದು ಕೇಳುತ್ತದೆ.

ಹಾಗಾಗಿ ಸಮಾಧಾನದ ಕೆಲಸ ಶನಿವಾರದೊಳಗೆ ಆಗಬೇಕು. ತಪ್ಪು ಎದುರಿನವರದೇ ಆದರೆ ಏನು ಮಾಡಬೇಕೆಂಬುದು ಮತ್ತಾಯ 18:15-17ರಲ್ಲಿದೆ: ಮೊದಲು ಒಬ್ಬರೇ ಹೋಗುವುದು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದೊಯ್ಯುವುದು, ಕೊನೆಗೆ ಧರ್ಮಸಭೆಗೆ ತಿಳಿಸುವುದು. ನಮ್ಮಲ್ಲಿ ಇದು ತಲೆಕೆಳಗು. ವಿಷಯ ಮೊದಲು ವಾಟ್ಸಾಪ್ ಗ್ರೂಪಿಗೆ, ಆಮೇಲೆ ಗುರುಗಳ ಹತ್ತಿರ ದೂರು. ಅಷ್ಟರಲ್ಲಿ ಎದುರಿನವರು ಮರ್ಯಾದೆಗೆ ಅಂಜಿ ಹಟಕ್ಕೆ ಬಿದ್ದಿರುತ್ತಾರೆ.

ಹೋದಾಗ ಒಂದೇ ವಿಷಯ ಮಾತಾಡಿ. ನೀರಿನ ಮಾತಿನ ನಡುವೆ ಅಜ್ಜನ ಕಾಲದ ಬಾಂದುಕಲ್ಲು ಎತ್ತಿದರೆ ಕೆಟ್ಟಿತು. ಯಾವ ದಿನ ಯಾರ ಮೋಟಾರ್, ಎಷ್ಟು ಗಂಟೆ ಎಂದು ಬರೆದು ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಿನ ಪಾಳಿ, ಕಾಫಿ ಹೂ ಅರಳಿಸುವ ಹೂಮಳೆ ತಡವಾದ ವರ್ಷ ಉಳಿಯುವುದಿಲ್ಲ. ಕೂಲಿ ಬಾಕಿಯಿದ್ದರೆ ಮೊದಲು ಹಣ ಕೊಟ್ಟು ಆಮೇಲೆ ಕ್ಷಮೆ ಕೇಳಿ. ಸುಂಕದವನಾದ ಜಕ್ಕಾಯ ಯೇಸುವಿನ ಮುಂದೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ (ಲೂಕ 19:8).

ಉಕ್ರೇನ್, ಗಾಜಾ, ಮಣಿಪುರಕ್ಕಾಗಿ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಬೇಡುತ್ತೇವೆ, ಬೇಡಲೇಬೇಕು. ಆ ಬೇಡಿಕೆಯ ಜೊತೆಗೆ ನಮ್ಮ ಕೈಯಿಂದ ಆಗುವ ಕೆಲಸ ಈ ನೀರಿನ ಪಾಳಿ.

ಏಟು, ಬೆದರಿಕೆ ಇರುವಲ್ಲಿ ಮಾತ್ರ ಒಬ್ಬರೇ ಹೋಗಬಾರದು. ಗಂಡನಿಂದ ಪೆಟ್ಟು ತಿಂದ ಹೆಣ್ಣುಮಗಳಿಗೆ ತಪಸ್ಸುಕಾಲದ ಹೆಸರಲ್ಲಿ ರಾಜಿ ಹೇಳುವುದು ಅನ್ಯಾಯ. ಆಕೆಗೆ ಮೊದಲು ಬೇಕಾದದ್ದು ಸುರಕ್ಷಿತ ಜಾಗ, ಕಾನೂನಿನ ನೆರವು. ಇನ್ನು, ಹೋದರೂ ಬಾಗಿಲು ತೆರೆಯದವರಿದ್ದಾರೆ. ಸಾಧ್ಯವಾದರೆ, ನಿಮ್ಮಿಂದಾಗುವಷ್ಟು ಎಂದೇ ರೋಮನರಿಗೆ 12:18 ಹೇಳುವುದು. ಅವರು ಒಪ್ಪಲಿಲ್ಲವೆಂದು ನೀವು ಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವುದನ್ನು ಬಿಡಬೇಕಾಗಿಲ್ಲ. ಪಾಸ್ಖದೊಳಗೆ (ಈಸ್ಟರ್ ಒಳಗೆ) ಇನ್ನೊಮ್ಮೆ ಹೋಗಿ ಬನ್ನಿ.